ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ

ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗಳು ತನ್ನ ಲ್ಯಾಪ್‌ಟಾಪನ್ನು ಪಡಸಾಲೆಗೆ ತಂದು, ಲ್ಯಾಬ್ ರೆಕಾರ್ಡಿನಲ್ಲಿ ಬರೆಯಬೇಕಾಗಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಓಡಿಸುತ್ತ ಕುಳಿತಿದ್ದಳು. ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್, ಸಿ ಭಾಷೆ. ಪ್ರೋಗ್ರಾಮಿಂಗ್ ಎಂಬುದನ್ನು ಅವಳು ಕೈಗೆತ್ತಿಕೊಂಡು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಆ ಹೊತ್ತಿಗೆ ಸರದಿ ಫ್ಯಾಕ್ಟೋರಿಯಲ್‌ಗೆ, ಅಂದರೆ 1ರಿಂದ ಕೊಟ್ಟ ಸಂಖ್ಯೆಯವರೆಗಿನ ಎಲ್ಲ ಸಂಖ್ಯೆಗಳನ್ನೂ ಗುಣಿಸುವ ಲೆಕ್ಕಕ್ಕೆ, ಬಂದಿತ್ತು. 5 ಎಂದು ಕೊಟ್ಟಳು, 120 ಬಂತು. ಅದನ್ನು ರೆಕಾರ್ಡಿನಲ್ಲಿ 'ಔಟ್‌ಪುಟ್' ಎಂಬ ಶೀರ್ಷಿಕೆಯ ಕೆಳಗೆ ಬರೆದು, ಸ್ಕೇಲ್ ಇಟ್ಟು ಅಡಿಗೆರೆ ಎಳೆದು, ಪುಟ ತಿರುವಲು ಹೊರಟಳು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ನಾನು, 13 ಕೊಟ್ಟು ನೋಡು ಎಂದೆ. ಕೊಟ್ಟಳು. ತೆರೆಯ ಮೇಲೆ 1932053504 ಎಂದು ಮೂಡಿತು. "ಬಂತು ಮಾಮಾ" ಎಂದಳು. ಇದು ಸರಿಯಿದೆಯೇ ಎಂದು ಕೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಕಂಪ್ಯೂಟರ್ ಕೊಟ್ಟೈತಿ ಅಂದಮ್ಯಾಲ ಸರಿನ ಇರ್ತೈತಿ" ಎಂದಳು.

ಆ ಉತ್ತರ ತಪ್ಪು. 1ರಿಂದ 13ರವರೆಗಿನ ಸಂಖ್ಯೆಗಳನ್ನು ಗುಣಿಸಿದರೆ ಬರುವುದು 6227020800. ಇಷ್ಟು ದೊಡ್ಡ ಗುಣಾಕಾರವನ್ನು ಯಾರೂ ಬಾಯಲ್ಲಿ ಮಾಡಲಾರರು, ನಿಜ. ಆದರೆ ತೆರೆಯ ಮೇಲಿನ ಸಂಖ್ಯೆ ತಪ್ಪೆಂದು ತಿಳಿಯಲು ಅಷ್ಟು ಗುಣಿಸಬೇಕಾಗಿಯೂ ಇಲ್ಲ. ಗುಣಿಸುವ ಸಂಖ್ಯೆಗಳಲ್ಲಿ 10 ಇದೆ, 5 ಮತ್ತು 2 ಕೂಡ ಇವೆ. ಆದ್ದರಿಂದ ಉತ್ತರದ ಕೊನೆಯಲ್ಲಿ ಎರಡು ಸೊನ್ನೆಗಳು ಇರಲೇಬೇಕು. ಇಲ್ಲಿ ಕೊನೆಯಲ್ಲಿರುವುದು 04. ಇಷ್ಟನ್ನು ನೋಡಲು ಆರನೇ ತರಗತಿಯ ಗಣಿತ ಸಾಕು. ಪಿಯುಸಿ ಗಣಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಅಂಕ ಪಡೆದ ಹುಡುಗಿ ಅವಳು. ಇದೇ ಲೆಕ್ಕವನ್ನು ಕಾಗದದ ಮೇಲೆ ಗೆಳತಿಯೊಬ್ಬಳು ಮಾಡಿ ತೋರಿಸಿದ್ದರೆ ತಪ್ಪನ್ನು ಆ ಕ್ಷಣವೇ ಹಿಡಿಯುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಉತ್ತರ ತೆರೆಯ ಮೇಲೆ ಬಂದೊಡನೆ ತನಗೆ ಗೊತ್ತಿದ್ದ ಗಣಿತವನ್ನೆಲ್ಲ ಅವಳು ಪಕ್ಕಕ್ಕೆ ಇಟ್ಟುಬಿಟ್ಟಳು. ಹಬ್ಬ ಮುಗಿಸಿ ಬೆಂಗಳೂರಿಗೆ ಮರಳಿದ ಮೇಲೂ ವಾರಗಟ್ಟಲೆ ನನ್ನನ್ನು ಕಾಡಿದ್ದು ಇದೇ. ಪ್ರೋಗ್ರಾಮಿಂಗ್ ಕಲಿಯಲು ಆರಂಭಿಸುವ ಮಗುವಿನ ಕೈಯಿಂದ ನಾವು ಮೊದಲು ಕಸಿದುಕೊಳ್ಳುವುದು ಅದಕ್ಕೆ ಆಗಲೇ ಇರುವ ವಿವೇಕವನ್ನೇ ಏನು?

ಎಂಟರ ಫ್ಯಾಕ್ಟೋರಿಯಲ್

ಅವಳ ಮಾತು ನನ್ನನ್ನು 2003ರ ಒಂದು ಮಧ್ಯಾಹ್ನಕ್ಕೆ ಕರೆದೊಯ್ದಿತು. ಆಗ ನಾನೂ ಅವಳಂತೆಯೇ ಮೊದಲ ವರ್ಷದಲ್ಲಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಂಪ್ಯೂಟರನ್ನು ಕಾಲೇಜಿಗೆ ಸೇರಿದ ಮೇಲೆಯೇ ಮುಟ್ಟಿದವನು. ಚಪ್ಪಲಿಯನ್ನು ಲ್ಯಾಬಿನ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಒಂದು ಕಂಪ್ಯೂಟರಿಗೆ ಇಬ್ಬರು, ಒಂದು ಬ್ಯಾಚಿಗೆ ಮೂರು ಗಂಟೆ. ಸಿ ಪ್ರೋಗ್ರಾಂಗಳನ್ನು ಬರೆದು ಓಡಿಸುವ ಟರ್ಬೊ ಸಿ ತೆರೆದರೆ ತುಂಬು ನೀಲಿ ತೆರೆ, ಅದರ ಮೇಲೆ ಹಳದಿ ಅಕ್ಷರ. ಕಂಟ್ರೋಲ್ ಮತ್ತು ಎಫ್9 ಒಟ್ಟಿಗೆ ಒತ್ತಿದರೆ ಪ್ರೋಗ್ರಾಂ ಓಡುತ್ತದೆ, ಓಡಿ ಮುಗಿದು ಕಣ್ಣಿಗೆ ಬೀಳದೆ ಹೋದ ಉತ್ತರವನ್ನು ನೋಡಲು ಆಲ್ಟ್ ಮತ್ತು ಎಫ್5 ಒತ್ತಬೇಕು ಎಂಬುದನ್ನು ನನ್ನ ಜೊತೆಗಾರ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದ. ಮ್ಯಾನುಅಲ್‌ನಲ್ಲಿದ್ದ ಪ್ರೋಗ್ರಾಮನ್ನು ಅಕ್ಷರ ಬಿಡದೆ ಟೈಪ್ ಮಾಡುವುದು, ಅದರಲ್ಲಿ ಕೊಟ್ಟಿದ್ದ ಸಂಖ್ಯೆಯನ್ನೇ ಕೊಡುವುದು, ಅದರಲ್ಲಿದ್ದ ಉತ್ತರವೇ ಬಂದಾಗ ಕೈ ಎತ್ತಿ ಸರ್ ಅವರನ್ನು ಕರೆದು ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವುದು, ಇದು ನಮ್ಮ ಲ್ಯಾಬಿನ ಕ್ರಮವಾಗಿತ್ತು.

ಅಂದು ಸಹಿ ಆಗುವವರೆಗೆ ಕಾಯುತ್ತ ಕುಳಿತಿದ್ದಾಗ, ಏಕೋ ಏನೋ, 5ರ ಬದಲು 6 ಕೊಟ್ಟೆ. 720 ಬಂತು. 7 ಕೊಟ್ಟೆ, 5040 ಬಂತು. 8 ಕೊಟ್ಟೆ. ಆಗ ಬಂದದ್ದು ಮೈನಸ್ 25216. ಇಬ್ಬರೂ ಬೆಚ್ಚಿದೆವು. ಒಂದರಿಂದ ಎಂಟರವರೆಗಿನ ಧನ ಸಂಖ್ಯೆಗಳನ್ನು ಗುಣಿಸಿದರೆ ಋಣ ಸಂಖ್ಯೆ ಬರುವುದು ಹೇಗೆ? ಜೊತೆಗಾರ ಟೈಪಿಂಗಿನಲ್ಲಿ ಏನೋ ತಪ್ಪಾಗಿದೆ ಎಂದು ಮ್ಯಾನುಅಲ್ ತೆರೆದು ಒಂದೊಂದು ಸಾಲನ್ನೂ ಬೆರಳಿಟ್ಟು ಹೋಲಿಸಿದ. ತಪ್ಪು ಕಾಣಲಿಲ್ಲ. ಅಷ್ಟರಲ್ಲಿ ಸರ್ ಬಂದರು. ನಾನು ತೆರೆಯನ್ನು ತೋರಿಸಿದೆ. ಅವರು ಸಿಟ್ಟಾಗಲಿಲ್ಲ, ಬೈಯಲಿಲ್ಲ, ಇನ್ನೂ ಇಪ್ಪತ್ತು ಮಂದಿಯ ರೆಕಾರ್ಡಿಗೆ ಸಹಿ ಹಾಕಬೇಕಾದವರ ಆತುರದಲ್ಲಿ, "ಮ್ಯಾನುಅಲ್‌ನಲ್ಲಿ ಎಷ್ಟಿದೆ? ಐದು. ಹಾಗಾದರೆ ಐದೇ ಕೊಡಿ, ಪರೀಕ್ಷೆಯಲ್ಲೂ ಐದೇ ಕೊಡಿ" ಎಂದು ಹೇಳಿ ಸಹಿ ಹಾಕಿ ಮುಂದಿನ ಮೇಜಿಗೆ ಹೋದರು. ನಾವು ಐದು ಕೊಟ್ಟೆವು. ಪರೀಕ್ಷೆಯಲ್ಲೂ ಐದೇ ಕೊಟ್ಟು ಪೂರ್ತಿ ಅಂಕ ಪಡೆದೆವು. ಅವರ ಮೇಲೆ ನನಗೆ ಇಂದು ಕೋಪವಿಲ್ಲ. ಅರವತ್ತು ಮಕ್ಕಳ ಬ್ಯಾಚನ್ನು ಒಬ್ಬರೇ ನೋಡಿಕೊಳ್ಳುವ ಲ್ಯಾಬಿನಲ್ಲಿ ಒಂದು ಪ್ರಶ್ನೆಗಾಗಿ ಹತ್ತು ನಿಮಿಷ ನಿಲ್ಲುವುದು ಅವರಿಂದ ಆಗುತ್ತಿರಲಿಲ್ಲ. ಆದರೆ ಅಂದು ನಾನು ಕಲಿತ ಪಾಠ ಮಾತ್ರ ಬಹುಕಾಲ ನನ್ನೊಳಗೆ ಉಳಿಯಿತು: ವಿಚಿತ್ರ ಉತ್ತರ ಬಂದರೆ ಅದನ್ನು ಕೇಳಬಾರದು, ಬಾರದ ಹಾಗೆ ನೋಡಿಕೊಳ್ಳಬೇಕು.

ಆ ಮೈನಸ್ 25216 ಎಲ್ಲಿಂದ ಬಂತು ಎಂಬುದು ನನಗೆ ತಿಳಿದದ್ದು ಮುಂದಿನ ವರ್ಷ, ಬೇರೆಯೇ ವಿಷಯದ ತರಗತಿಯಲ್ಲಿ, ಸಂಖ್ಯೆಗಳನ್ನು ಯಂತ್ರ ಹೇಗೆ ಇಟ್ಟುಕೊಳ್ಳುತ್ತದೆ ಎಂದು ಕಲಿಸುವಾಗ. ಟರ್ಬೊ ಸಿ 1987ರಲ್ಲಿ ಬೋರ್ಲ್ಯಾಂಡ್ ಕಂಪನಿ ಡಾಸ್ ಯಂತ್ರಗಳಿಗೆಂದು ತಂದ ಸಾಧನ. ಅದರಲ್ಲಿ 'ಇಂಟ್' ಎಂದು ಘೋಷಿಸಿದ ಸಂಖ್ಯೆಗೆ ಸಿಗುವುದು ಕೇವಲ 16 ಬಿಟ್‌ಗಳ, ಅಂದರೆ 0 ಅಥವಾ 1 ಮಾತ್ರ ಹಿಡಿಸುವ 16 ಮನೆಗಳ, ಜಾಗ. ಹೆಚ್ಚೆಂದರೆ 32767ರವರೆಗೆ ಹಿಡಿಸುತ್ತದೆ. ಎಂಟರ ಫ್ಯಾಕ್ಟೋರಿಯಲ್ 40320. ಅದನ್ನು ದ್ವಿಮಾನದಲ್ಲಿ ಬರೆದರೆ 1001110110000000. ಎಣಿಸಿ ನೋಡಿ, ಸರಿಯಾಗಿ ಹದಿನಾರು ಅಂಕಿಗಳು. ಮೊದಲನೆಯ ಅಂಕಿ 1 ಆಗಿದ್ದರೆ ಅದು ಋಣ ಸಂಖ್ಯೆ ಎಂದು ಯಂತ್ರ ಓದಿಕೊಳ್ಳುತ್ತದೆ. ಆಗ 40320ರಿಂದ, 16 ಬಿಟ್‌ಗಳಲ್ಲಿ ಬರೆಯಬಹುದಾದ ಸಂಖ್ಯೆಗಳ ಒಟ್ಟು ಎಣಿಕೆಯಾದ 65536 ಕಳೆದಷ್ಟು, ಅಂದರೆ ಮೈನಸ್ 25216, ತೆರೆಯ ಮೇಲೆ ಬರುತ್ತದೆ. ಮಿತಿ ಮೀರಿದಾಗ ಏನಾಗಬೇಕು ಎಂಬುದನ್ನು ಸಿ ಭಾಷೆಯ ನಿಯಮ ನಿಗದಿ ಮಾಡಿಯೇ ಇಲ್ಲವಾದ್ದರಿಂದ ಪ್ರೋಗ್ರಾಂ ಯಾವ ಎಚ್ಚರಿಕೆಯನ್ನೂ ಕೊಡದೆ ಮುಂದೆ ಸಾಗುತ್ತದೆ. ಅಂದು ಆ ತರಗತಿಯ ಕಪ್ಪು ಹಲಗೆಯ ಮೇಲಿನ ಲೆಕ್ಕ ಮುಗಿದಾಗ ನನಗೆ ಮೈ ಜುಂ ಎಂದದ್ದು ಈಗಲೂ ನೆನಪಿದೆ. ಒಂದು ವರ್ಷ ಮೊದಲೇ ಯಂತ್ರ ತನ್ನ ಒಳಗನ್ನು ನನಗೆ ತೆರೆದು ತೋರಿಸಿತ್ತು. ನಾನು ಐದು ಕೊಟ್ಟು ಅದನ್ನು ಮುಚ್ಚಿದ್ದೆ.

ಇದು ವಿದ್ಯಾರ್ಥಿಗಳ ಲ್ಯಾಬಿಗಷ್ಟೇ ಸೇರಿದ ಸಂಗತಿಯಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಒಂದು ನಿಮಿಷವೂ ಕಳೆಯುವ ಮುನ್ನ ದಾರಿ ತಪ್ಪಿ ನಾಶವಾಯಿತು. ಹಿಂದಿನ ರಾಕೆಟ್ಟಿನಲ್ಲಿ ಸರಿಯಾಗಿ ಕೆಲಸ ಮಾಡಿದ್ದ ಸಾಫ್ಟ್‌ವೇರಿನ ಒಂದು ಭಾಗವನ್ನು ಹಾಗೆಯೇ ಇದಕ್ಕೂ ಬಳಸಲಾಗಿತ್ತು. ಹೊಸ ರಾಕೆಟ್ಟಿನ ವೇಗ ಹೆಚ್ಚಾಗಿದ್ದರಿಂದ ಒಂದು ಅಳತೆಯನ್ನು 16 ಬಿಟ್ ಪೂರ್ಣಾಂಕಕ್ಕೆ ಬದಲಿಸುವಾಗ ಅದು ಹಿಡಿಸಲಿಲ್ಲ. ನಮ್ಮ ಲ್ಯಾಬಿನ 32767ರ ಮಿತಿಯೂ ಆ ರಾಕೆಟ್ಟಿನ ಮಿತಿಯೂ ಒಂದೇ. ಹಳೆಯ ಸಂಖ್ಯೆಗಳನ್ನೇ ಕೊಡುತ್ತಿದ್ದಷ್ಟು ದಿನ ಅಲ್ಲಿಯೂ ಎಲ್ಲವೂ ಸರಿಯಾಗಿಯೇ ಇತ್ತು.

ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ ಟರ್ಬೊ ಸಿ ಇಲ್ಲ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿಕೊಡುವ ಇಂದಿನ ಕಂಪೈಲರುಗಳಲ್ಲಿ ಇಂಟ್‌ಗೆ 32 ಬಿಟ್‌ಗಳು ಸಿಗುತ್ತವೆ, ಮಿತಿ 2147483647. ಆದ್ದರಿಂದ 12ರ ಫ್ಯಾಕ್ಟೋರಿಯಲ್ 479001600 ಸರಿಯಾಗಿಯೇ ಬರುತ್ತದೆ, 13ಕ್ಕೆ ದಾರಿ ತಪ್ಪುತ್ತದೆ. ಒಂದು ವ್ಯತ್ಯಾಸವಿದೆ, ಅದೇ ನನಗೆ ಹೆಚ್ಚು ಭಯ ಹುಟ್ಟಿಸುವಂಥದ್ದು. ನನಗೆ ಬಂದದ್ದು ಋಣ ಸಂಖ್ಯೆ. ಎಂಥವರಿಗೂ ಅದು ತಪ್ಪೆಂದು ಕಾಣುತ್ತಿತ್ತು. ಅವಳಿಗೆ ಬಂದದ್ದು ದೊಡ್ಡದಾದ, ಗಂಭೀರವಾದ, ಉತ್ತರದಂತೆಯೇ ಕಾಣುವ ಸಂಖ್ಯೆ.

ಉದ್ರಿ ಪುಸ್ತಕ

ನಮ್ಮ ಊರು ಬ್ಯಾಡಗಿ ತಾಲ್ಲೂಕಿನಲ್ಲಿದೆ. ಅಪ್ಪನದು ಅಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಮೆಣಸಿನಕಾಯಿ ಬಿಡಿಸುವ, ತೊಟ್ಟು ಮುರಿಯುವ ಕೂಲಿಗೆ ಹೋಗುವ ಮನೆಗಳೇ ಹೆಚ್ಚಾಗಿದ್ದ ಓಣಿಯಾದ್ದರಿಂದ ವ್ಯಾಪಾರದ ಬಹುಪಾಲು ಉದ್ರಿಯ ಮೇಲೆಯೇ ನಡೆಯುತ್ತಿತ್ತು. ಉದ್ರಿ ಪುಸ್ತಕದಲ್ಲಿ ಮನೆಗೊಂದು ಪುಟ. ತಾರೀಖು, ಸಾಮಾನು, ರೂಪಾಯಿ. ಪುಟದ ತಲೆಯಲ್ಲಿ 'ಹಿಂದಿನ ಬಾಕಿ', ಕೊನೆಯಲ್ಲಿ 'ಬಾಕಿ'. ಅಪ್ಪ ಪ್ರತಿ ವಾರ ಲೆಕ್ಕ ಮುಗಿಸುವಾಗ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಕೂಡಿಸಿ ಮೊತ್ತವನ್ನು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆಯುತ್ತಿದ್ದರು. ಆಮೇಲೆ ಅದೇ ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತಿದ್ದರು. ಎರಡೂ ಒಂದೇ ಬಂದರೆ ಮಾತ್ರ ಪೆನ್ನು ಕೈಗೆ ಬರುತ್ತಿತ್ತು.

ನನಗೆ ಹತ್ತು ವರ್ಷವಿದ್ದಾಗ ಒಂದು ಶನಿವಾರ ಈ ಕೆಲಸವನ್ನು ನನಗೆ ಕೊಟ್ಟರು. ಒಂಟಿಯಾಗಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ಹೆಂಗಸೊಬ್ಬಳ ಪುಟ ಅದು. ಬೆಲ್ಲ, ಚಹಾಪುಡಿ, ಎಣ್ಣೆ, ಸಾಬೂನು ಎಂದು ಏಳೆಂಟು ಸಾಲುಗಳು. ಕೂಡಿಸಿ 724 ಎಂದೆ. ಅಪ್ಪ ಪುಸ್ತಕವನ್ನು ನೋಡಲೂ ಇಲ್ಲ, ತಕ್ಕಡಿಯಲ್ಲಿ ಏನೋ ತೂಗುತ್ತಿದ್ದವರು ಅಲ್ಲಿಂದಲೇ, "ಅಷ್ಟ ಆಗೂದಿಲ್ಲ, ಇನ್ನೊಮ್ಮೆ ನೋಡು" ಎಂದರು. ನಾನು ಮತ್ತೆ ಮೇಲಿನಿಂದ ಕೂಡಿಸಿದೆ, ಮತ್ತೆ 724. ಆಗ ಅವರು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕುಳಿತು, ಕೆಳಗಿನಿಂದ ಒಂದೊಂದಾಗಿ ಓದಿಸಿದರು. ಎಣ್ಣೆಯ ಮುಂದೆ ಇದ್ದ 60ನ್ನು ನಾನು ನೂರರ ಸ್ಥಾನಕ್ಕೆ ಸರಿಸಿ 600 ಎಂದು ಓದಿಕೊಂಡಿದ್ದೆ. ನಿಜವಾದ ಮೊತ್ತ 184. "ಆಕಿ ವಾರಕ್ಕ ಏನೇನ ಒಯ್ತಾಳ ಅನ್ನೂದು ಗೊತ್ತಿದ್ರ, ಇಷ್ಟ ಆಗೂದಿಲ್ಲ ಅಂತ ನೋಡಿದ ಕೂಡ್ಲೇ ತಿಳೀಬೇಕು. ನಮ್ಮ ತಪ್ಪಿಗೆ ಆಕಿ ಯಾಕ ದುಡೀಬೇಕು?" ಎಂದರು. ಗದರಿಕೆ ಇರಲಿಲ್ಲ ಆ ಮಾತಿನಲ್ಲಿ. ಆದರೆ ಲೆಕ್ಕವೆಂದರೆ ಅದರ ತುದಿಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ ಎಂಬುದನ್ನು ನಾನು ಅರಿತದ್ದು ಆ ಶನಿವಾರ.

ಅದೇ ಹುಡುಗ ಎಂಟು ವರ್ಷಗಳ ನಂತರ ಮೈನಸ್ 25216ರ ಮುಂದೆ ಕುಳಿತು ತೆಪ್ಪಗಾದ. ಅಂಗಡಿಯಲ್ಲಿ ಕಲಿತದ್ದು ಲ್ಯಾಬಿನಲ್ಲಿ ಸಲ್ಲುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದ, ನೀಲಿ ತೆರೆಯ ಮೇಲೆ ಓಡುವ, ಹವಾನಿಯಂತ್ರಿತ ಕೋಣೆಯಲ್ಲಿ ಇಟ್ಟು ಪೂಜಿಸುವ ಒಂದು ವಸ್ತುವಿಗೂ ಅಪ್ಪನ ಉದ್ರಿ ಪುಸ್ತಕಕ್ಕೂ ಸಂಬಂಧವಿದೆ ಎಂದು ಅವನಿಗೆ ಹೊಳೆಯುವ ದಾರಿಯೂ ಇರಲಿಲ್ಲ.

ಸಂಬಂಧ ಇತ್ತು, ಬಹಳ ಹತ್ತಿರದ್ದೇ ಇತ್ತು. ಹೊಸ ವಿದ್ಯಾರ್ಥಿಗಳು ಮೊದಲು ಎಡವುವ ಸಾಲು ಯಾವುದು ಎಂದು ಕೇಳಿದರೆ ನಾನು 'ಐ = ಐ + 1' ಎಂಬುದನ್ನು ತೋರಿಸುತ್ತೇನೆ. ಹತ್ತು ವರ್ಷ ಶಾಲೆಯಲ್ಲಿ ಸಮ ಚಿಹ್ನೆಯ ಎರಡೂ ಬದಿ ಒಂದೇ ಇರಬೇಕು ಎಂದು ಕಲಿತ ಮಗುವಿಗೆ ಇದು ಸುಳ್ಳು ಸಮೀಕರಣ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾಗಿರಲಾರದು. ಬಹುತೇಕರು ಈ ಗೊಂದಲವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕಂಠಪಾಠ ಮಾಡಿ ದಾಟಿಬಿಡುತ್ತಾರೆ. ಆದರೆ ಉದ್ರಿ ಪುಸ್ತಕ ನೋಡಿದವರಿಗೆ ಇದರಲ್ಲಿ ಗೊಂದಲಪಡುವುದೇನೂ ಇಲ್ಲ. ಹಿಂದಿನ ಬಾಕಿಗೆ ಇಂದಿನದನ್ನು ಕೂಡಿಸಿ ಬಾಕಿ ಎಂದು ಬರೆಯುತ್ತೇವೆ. ನಾಳೆ ಅದೇ ಬಾಕಿ ಹಿಂದಿನ ಬಾಕಿಯಾಗುತ್ತದೆ. ಬಲಗಡೆಯದು ಈ ಕ್ಷಣದವರೆಗಿನ ಬೆಲೆ, ಎಡಗಡೆಯದು ಇನ್ನು ಮುಂದಿನ ಬೆಲೆ. 2008ರಲ್ಲಿ ಬಂದ ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆ ಕನ್ನಡ ಅಕ್ಷರಗಳ ಹೆಸರುಗಳನ್ನೂ ಒಪ್ಪುತ್ತದೆಯಾದ್ದರಿಂದ, 'ಬಾಕಿ = ಬಾಕಿ + ಇಂದಿನದು' ಎಂದು ಬರೆದರೆ ಅದು ವಿವರಣೆ ಮಾತ್ರವಲ್ಲ, ಹಾಗೆಯೇ ಓಡುವ ಪ್ರೋಗ್ರಾಮಿನ ಸಾಲು. ಇದನ್ನು ಮೊದಲ ಬಾರಿ ಓಡಿಸಿ ನೋಡಿದಾಗ ನನಗೆ ಆದ ಸಂತೋಷವನ್ನು ಇಲ್ಲಿ ಹೇಳಿಕೊಳ್ಳದಿರಲಾರೆ.

ಮುಗಿದ ಪ್ರೋಗ್ರಾಮಿನ ತೊಂದರೆ

ನಮ್ಮ ಮಕ್ಕಳು ನೋಡುವ ಪ್ರೋಗ್ರಾಂಗಳೆಲ್ಲ ಮುಗಿದ ಪ್ರೋಗ್ರಾಂಗಳು. ಮ್ಯಾನುಅಲ್‌ನಲ್ಲಿ ಇರುವುದು, ಹಲಗೆಯ ಮೇಲೆ ಬರೆಯುವುದು, ಹಿಂದಿನ ವರ್ಷದವರ ರೆಕಾರ್ಡಿನಿಂದ ಇಳಿಸಿಕೊಳ್ಳುವುದು, ಎಲ್ಲವೂ ಒಂದೂ ಕಾಟು ಇಲ್ಲದ, ಮೊದಲ ಸಾಲಿನಿಂದ ಕೊನೆಯ ಸಾಲಿಗೆ ನೇರವಾಗಿ ಇಳಿದು ಬಂದಂತೆ ಕಾಣುವ ಬರವಣಿಗೆ. ಹಾಗೆ ಯಾರೂ ಬರೆಯುವುದಿಲ್ಲ. ಇಪ್ಪತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ನಾನೂ ಬರೆಯುವುದಿಲ್ಲ, ನನಗೆ ಗೊತ್ತಿರುವ ಅತ್ಯಂತ ಸಮರ್ಥರೂ ಬರೆಯುವುದಿಲ್ಲ. ರಂಗೋಲಿ ಕಲಿಯುವ ಹುಡುಗಿ ತಾಯಿ ಚುಕ್ಕಿ ಇಡುವುದನ್ನೂ, ಎಳೆ ತಪ್ಪಿದಾಗ ಬೆರಳಿನಿಂದ ಒರೆಸುವುದನ್ನೂ ನೋಡುತ್ತಾಳೆ. ಪ್ರೋಗ್ರಾಮಿಂಗಿನಲ್ಲಿ ಮಾತ್ರ ನಾವು ಮುಗಿದ ರಂಗೋಲಿಯ ಚಿತ್ರವನ್ನು ಕೊಟ್ಟು, ಇದನ್ನು ನೋಡಿಕೊಂಡು ಬರೆ ಎನ್ನುತ್ತೇವೆ.

ದೀಪಾವಳಿಯ ಮರುದಿನ ಅಕ್ಕನ ಮಗಳ ಜೊತೆ ಫ್ಯಾಕ್ಟೋರಿಯಲ್ ಪ್ರೋಗ್ರಾಮನ್ನು ಖಾಲಿ ತೆರೆಯಿಂದ ಆರಂಭಿಸಿ ಬರೆದೆ. ಮೊದಲು ಒಂದು ಸಂಖ್ಯೆಯನ್ನು ಪಡೆದು ಅದನ್ನೇ ತಿರುಗಿ ತೋರಿಸುವಷ್ಟು ಮಾತ್ರ ಬರೆಸಿದೆ. ಆಮೇಲೆ 1ರಿಂದ ಆ ಸಂಖ್ಯೆಯವರೆಗೆ ಎಣಿಸಿ ತೋರಿಸುವಷ್ಟು. ಗುಣಾಕಾರ ಬಂದದ್ದು ಕೊನೆಗೆ. ಅಲ್ಲಿ ಅವಳು ಮೊತ್ತದ ಪ್ರೋಗ್ರಾಮನ್ನು ನೆನಪಿಸಿಕೊಂಡು ಆರಂಭದ ಬೆಲೆಯನ್ನು 0 ಎಂದು ಬರೆದಳು. ಯಾವ ಸಂಖ್ಯೆ ಕೊಟ್ಟರೂ ಉತ್ತರ 0. ನಾನು ಸುಮ್ಮನಿದ್ದೆ. ಐದಾರು ನಿಮಿಷ ತೆರೆಯನ್ನೇ ನೋಡಿದಳು. ಆಮೇಲೆ ಕಾಗದದ ಮೇಲೆ ಎರಡು ಕಂಬ ಎಳೆದು, ಎಡಕ್ಕೆ ಎಣಿಕೆ, ಬಲಕ್ಕೆ ಗುಣಲಬ್ಧ ಎಂದು ಸಾಲು ಸಾಲಾಗಿ ಬರೆಯತೊಡಗಿದಳು. ಎರಡನೆಯ ಸಾಲಿಗೇ, "ಸೊನ್ನಿಗೆ ಎಷ್ಟ ಗುಣಿಸಿದ್ರೂ ಸೊನ್ನಿನ ಅಲ್ಲೇನು" ಎಂದು ತಾನೇ ಹೇಳಿ 1 ಎಂದು ತಿದ್ದಿದಳು. ಕೂಡಿಸುವಾಗ 0ಯಿಂದ, ಗುಣಿಸುವಾಗ 1ರಿಂದ ಆರಂಭ ಎಂಬ ಎರಡೂ ಸಂಗತಿಗಳನ್ನು ಅವಳು ಆಗಲೇ ಕಂಠಪಾಠ ಮಾಡಿದ್ದಳು. ಏಕೆ ಎಂಬುದು ಅವಳದಾದದ್ದು ಈ ಐದಾರು ನಿಮಿಷಗಳಲ್ಲಿ.

ಅದೇ ಕಂಬಗಳನ್ನು 13ರವರೆಗೆ ಮುಂದುವರಿಸಿದಳು. 479001600ನ್ನು ಕೈಯಿಂದಲೇ 13ರಿಂದ ಗುಣಿಸಿ 6227020800 ಎಂದು ಬರೆದು, ತೆರೆಯ ಮೇಲಿನ 1932053504ರ ಪಕ್ಕ ಇಟ್ಟು ನೋಡಿದಳು. 32 ಬಿಟ್‌ಗಳಲ್ಲಿ ಎಷ್ಟು ಬಗೆಯ ಸಂಖ್ಯೆಗಳನ್ನು ಬರೆಯಬಹುದು ಎಂದು ಕೇಳಿದೆ. 4294967296 ಎಂದು ಹುಡುಕಿ ಹೇಳಿದಳು. ಮೊದಲಿನದರಿಂದ ಇದನ್ನು ಕಳೆ ಎಂದೆ. ರೆಕಾರ್ಡಿನ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಕಳೆಯುತ್ತ ಹೋದಳು. ಕೊನೆಯ ಅಂಕಿಯಿಂದ ಮೊದಲಿನದರವರೆಗೆ ಒಂದೂ ತಪ್ಪದೆ ತೆರೆಯ ಮೇಲಿದ್ದ ಸಂಖ್ಯೆಯೇ ಕಾಗದದ ಮೇಲೂ ಬಂದಾಗ ಅವಳು ಪೆನ್ಸಿಲ್ ಕೆಳಗಿಟ್ಟು ಅಡುಗೆಮನೆಯಲ್ಲಿದ್ದ ತಾಯಿಯನ್ನು ಕೂಗಿ ಕರೆದಳು.

ಇನ್ನು ಎರರ್ ಮೆಸೇಜುಗಳ ವಿಷಯ. ಶಾಲೆಯಲ್ಲಿ ತಪ್ಪು ಎಂದರೆ ಕೆಂಪು ಶಾಯಿಯ ಗೆರೆ. ಅದನ್ನು ಓದುವುದಿಲ್ಲ, ಅದಕ್ಕೆ ಹೆದರುತ್ತೇವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ಇಂಗ್ಲಿಷಿನಲ್ಲಿಯೂ ಇರುವುದರಿಂದ ಹೆದರಿಕೆ ಎರಡು ಪಟ್ಟು. ಟರ್ಬೊ ಸಿ ನನಗೆ ಮೊದಲು ಕೊಟ್ಟ ಸಂದೇಶ 'ಸ್ಟೇಟ್‌ಮೆಂಟ್ ಮಿಸ್ಸಿಂಗ್' ಎಂದು ಹೇಳಿ ಮುಂದೆ ಒಂದು ಅರ್ಧವಿರಾಮ ಚಿಹ್ನೆ ತೋರಿಸಿತ್ತು. ಅದು ಬೆರಳು ಮಾಡಿದ ಸಾಲಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಇರಲಿಲ್ಲ, ಏಕೆಂದರೆ ತಪ್ಪು ಇದ್ದದ್ದು ಅದರ ಹಿಂದಿನ ಸಾಲಿನಲ್ಲಿ. ವಾಕ್ಯ ಮುಗಿದ ಗುರುತು ಸಿಗದೆ ಇದ್ದಾಗ ಕಂಪೈಲರ್ ಓದುತ್ತಲೇ ಮುಂದಿನ ಸಾಲಿಗೆ ಹೋಗುತ್ತದೆ, ಅಲ್ಲಿ ಹೊಂದದ ಪದವೊಂದು ಎದುರಾದ ಮೇಲೆಯೇ ನಿಲ್ಲುತ್ತದೆ. ಆ ಸಂದೇಶವನ್ನು ಯಾರಾದರೂ ಅಂದು ನನಗೆ ಕನ್ನಡದಲ್ಲಿ, 'ಈ ಸಾಲಿಗೆ ಬರುವವರೆಗೂ ಹಿಂದಿನ ವಾಕ್ಯ ಮುಗಿದಿರಲಿಲ್ಲ' ಎಂದು ಓದಿ ಹೇಳಿದ್ದರೆ ಒಂದು ಇಡೀ ಲ್ಯಾಬ್ ಉಳಿಯುತ್ತಿತ್ತು. ಈಗ ಯಾರಿಗೇ ಹೇಳಿಕೊಡುವಾಗಲೂ ಪ್ರತಿಯೊಂದು ಎರರನ್ನೂ ಅವರ ಬಾಯಿಂದಲೇ ಕನ್ನಡದ ಒಂದು ವಾಕ್ಯವಾಗಿ ಹೇಳಿಸುತ್ತೇನೆ. ಹೇಳಿ ಮುಗಿಸುವಷ್ಟರಲ್ಲಿ ಅರ್ಧ ತಪ್ಪುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಕೃತಕ ಬುದ್ಧಿಮತ್ತೆಯ ಸಹಾಯಕರನ್ನು ಕೇಳಿದರೆ ಈಗ ಯಾವ ಪ್ರೋಗ್ರಾಮಾದರೂ ಎರಡು ಕ್ಷಣಗಳಲ್ಲಿ ಸಿಗುತ್ತದೆ, ಆದ್ದರಿಂದ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಹಾಗೆ ಸಿಗುವುದೂ ಮುಗಿದ ಪ್ರೋಗ್ರಾಮೇ. ಹಿಂದಿನ ವರ್ಷದವರ ರೆಕಾರ್ಡಿಗಿಂತ ಬೇಗ ಸಿಗುತ್ತದೆ, ಹೆಚ್ಚು ಅಂದವಾಗಿಯೂ ಇರುತ್ತದೆ. ಬಂದ ಉತ್ತರವನ್ನು ಕೆಳಗಿನಿಂದ ಇನ್ನೊಮ್ಮೆ ಕೂಡಿಸಿ ನೋಡುವ ಅಭ್ಯಾಸ ಇದ್ದವರಿಗೆ ಅದು ಒಳ್ಳೆಯ ಜೊತೆಗಾರ. ಇಲ್ಲದವರಿಗೆ ಅದು ಸಹಿ ಹಾಕಿಸಿಕೊಳ್ಳುವ ಇನ್ನೊಂದು ದಾರಿ.

ಯಾವ ಭಾಷೆ?

ಆರಂಭಿಸುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು, ಸಿ ಒಳ್ಳೆಯದೋ ಪೈಥಾನ್ ಒಳ್ಳೆಯದೋ ಎಂದು. ಕಾಲೇಜಿನಲ್ಲಿ ಯಾವುದಿದೆಯೋ ಅದು ಎನ್ನುತ್ತೇನೆ. ಪೈಥಾನಿನಲ್ಲಿ ಪೂರ್ಣಾಂಕಗಳಿಗೆ ಇಂಥ ಮಿತಿಯಿಲ್ಲ. 13ರದಿರಲಿ, 100ರ ಫ್ಯಾಕ್ಟೋರಿಯಲ್ ಕೇಳಿದರೂ 158 ಅಂಕಿಗಳ ಸರಿಯಾದ ಉತ್ತರ ಬರುತ್ತದೆ. ಆದರೆ ಒಂದು ಬಾಗಿಲಿನಲ್ಲಿ ಎಡವದಿದ್ದರೆ ಇನ್ನೊಂದು ಬಾಗಿಲಿನಲ್ಲಿ ಎಡವುತ್ತೇವೆ. ಎಡವಿದಾಗ ಕೆಳಗೆ ನೋಡುವ ಅಭ್ಯಾಸ ಇದೆಯೇ ಎಂಬುದು ಭಾಷೆಯ ಆಯ್ಕೆಗಿಂತ ದೊಡ್ಡ ವಿಷಯ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಎರಡನೆಯ ಸೆಮಿಸ್ಟರಿನಲ್ಲಿ ಅವಳಿಗೆ ಪೈಥಾನ್ ಬಂತು. ಮೇ ತಿಂಗಳಲ್ಲಿ ಅಜ್ಜನ ಅಂಗಡಿಯ ಲೆಕ್ಕಕ್ಕೆ ತಾನೇ ಒಂದು ಪ್ರೋಗ್ರಾಂ ಬರೆಯುತ್ತೇನೆಂದು ಹೊರಟಳು. ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ, ಆದರೂ ಬೆಳಿಗ್ಗೆ ಆರಕ್ಕೆ ಅಂಗಡಿಯ ಬಾಗಿಲು ತೆರೆಯುತ್ತಾರೆ. ಮೊದಲ ದಿನ 12 ರೂಪಾಯಿಯ ಒಂದು ಸಾಮಾನು, 13 ರೂಪಾಯಿಯ ಇನ್ನೊಂದು ಸಾಮಾನು ಕೊಟ್ಟಾಗ ಪ್ರೋಗ್ರಾಂ 1213 ಎಂದು ತೋರಿಸಿತು. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿ, "ಇದು ಕೂಡಿಸಿಲ್ಲವಾ, ಬಾಜೂಕ ಬಾಜೂ ಹಚ್ಚೈತಿ" ಎಂದರಂತೆ. ಅವರು ಹೇಳಿದ್ದು ಅಕ್ಷರಶಃ ನಿಜ. ಕೀಲಿಮಣೆಯಿಂದ ಬಂದದ್ದನ್ನು ಪೈಥಾನ್ ಸಂಖ್ಯೆ ಎಂದು ತಿಳಿಯುವುದಿಲ್ಲ, ಬರಹ ಎಂದೇ ತಿಳಿಯುತ್ತದೆ. ಎರಡು ಬರಹಗಳನ್ನು ಕೂಡಿಸು ಎಂದರೆ ಒಂದರ ಪಕ್ಕ ಒಂದನ್ನು ಹಚ್ಚುತ್ತದೆ. ಅವಳು ಅದನ್ನು ಅಂದೇ ಸರಿ ಮಾಡಿದಳು.

ಒಂದು ವಾರದ ನಂತರ ರಾತ್ರಿ ಒಂಬತ್ತರ ಹೊತ್ತಿಗೆ ಅವಳ ಫೋನ್ ಬಂತು. ಸಾಮಾನುಗಳ ತೂಕ ಕೂಡಿಸುವ ಭಾಗವನ್ನು ಬರೆದಿದ್ದಳು. ಅಜ್ಜ, ಕೆಳಗಿನಿಂದಲೂ ಒಮ್ಮೆ ಕೂಡಿಸು ಎಂದು ಹೇಳಿದ್ದರಿಂದ ಪಟ್ಟಿಯನ್ನು ತಿರುವುಮುರುವಾಗಿಯೂ ಕೂಡಿಸುವ ಸಾಲುಗಳನ್ನು ಸೇರಿಸಿದ್ದಳು. ಜೀರಿಗೆ 100 ಗ್ರಾಂ, ಸಾಸಿವೆ 200 ಗ್ರಾಂ, ಬೆಲ್ಲ 300 ಗ್ರಾಂ. ಕಿಲೋ ಲೆಕ್ಕದಲ್ಲಿ 0.1, 0.2, 0.3. ಮೇಲಿನಿಂದ ಕೂಡಿಸಿದರೆ 0.6000000000000001, ಕೆಳಗಿನಿಂದ ಕೂಡಿಸಿದರೆ 0.6. "ಇದು ಪರೀಕ್ಷೆಗೆ ಬರೂದಿಲ್ಲ ಮಾಮಾ, ಖರೆ ನನಗ ನಿದ್ದಿ ಬರವಲ್ತು" ಎಂದಳು. ನನಗೆ ಫೋನ್ ಮಾಡುವ ಮೊದಲು ಅವಳು ಇನ್ನೂ ಹತ್ತಾರು ತೂಕಗಳನ್ನು ಕೊಟ್ಟು ನೋಡಿ ಕಾಗದದ ಮೇಲೆ ಪಟ್ಟಿ ಮಾಡಿಕೊಂಡಿದ್ದಳು. ಅದನ್ನು ಓದಿ ಹೇಳಿದಳು. "ಕಾಲು ಕಿಲೋ, ಅರ್ಧ ಕಿಲೋ, ಮುಕ್ಕಾಲು ಕಿಲೋ ಕೊಟ್ರ ಎರಡೂ ಕಡಿಂದ ಒಂದ ಬರ್ತೈತಿ. ನೂರು ಗ್ರಾಂ ಬಂದ್ರ ಮಾತ್ರ ಹಿಂಗ ಆಗ್ತೈತಿ. ಯಾಕ?"

ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು: ಯಂತ್ರ ಭಿನ್ನರಾಶಿಗಳನ್ನೂ ಅರ್ಧ, ಅದರ ಅರ್ಧ ಎಂಬ ಭಾಗಗಳಿಂದಲೇ ಕಟ್ಟಿಕೊಳ್ಳುತ್ತದೆ. ಅದನ್ನು ಹೇಳದೆ, ಅಜ್ಜನ ತಕ್ಕಡಿಯನ್ನು ನೆನಪಿಸಿಕೊ ಎಂದೆ. ಆ ತಕ್ಕಡಿಗೆ ಅರ್ಧ, ಕಾಲು, ಅರೆಕಾಲು, ವೀಸ, ಹೀಗೆ ಪ್ರತಿ ಸಲ ಅರ್ಧಕ್ಕೆ ಅರ್ಧವಾಗುವ ಕಲ್ಲುಗಳು ಮಾತ್ರ ಇವೆ ಎಂದುಕೊ, ಒಂದೊಂದು ಬಗೆಯದು ಒಂದೇ ಒಂದು. ಅವುಗಳಿಂದ ನೂರು ಗ್ರಾಂ ತೂಗಿ ತೋರಿಸು ಎಂದೆ. ಕಾಗದ ತಿರುವಿದ ಸದ್ದು ಕೇಳಿಸಿತು. ಅರ್ಧ ದೊಡ್ಡದು, ಕಾಲು ದೊಡ್ಡದು, ಅರೆಕಾಲೂ ದೊಡ್ಡದು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ವೀಸ ಇಟ್ಟಳು, 0.0625. ಅದರ ಅರ್ಧ ಇಟ್ಟಳು, 0.09375. ಮುಂದಿನ ಎರಡು ಕಲ್ಲುಗಳು ಹಿಡಿಸಲಿಲ್ಲ, ಅದರ ಮುಂದಿನದು ಹಿಡಿಸಿತು, 0.09765625. ಇನ್ನೊಂದೂ ಹಿಡಿಸಿತು. ಫೋನಿನ ಆ ಕಡೆಯಿಂದ ಅಂಗಡಿಯ ಬಾಗಿಲ ಹಲಗೆಗಳನ್ನು ಅಪ್ಪ ಒಂದೊಂದಾಗಿ ಹಾಕುವ ಸದ್ದು ಬರುತ್ತಿತ್ತು. ಅವಳು ಬರೆಯುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ, "ಇನ್ನೂ ಒಂಚೂರು ಉಳೀತು ಮಾಮಾ" ಎಂದಳು.